ಗೀರಿನ ಸುತ್ತ ಇದ್ದದ್ದು

ಕಾಲಿಗೆ ಚುಚ್ಚಿದ ಮುಳ್ಳು ತೆಗೆಯುತ್ತೇವೆ. ಕಣ್ಣಿಗೆ ಬಿದ್ದ ಕಸ ತೆಗೆಯುತ್ತೇವೆ. ಅಂಗಿಯ ಮೇಲಿನ ಸಾರಿನ ಕಲೆ ತೆಗೆಯುತ್ತೇವೆ. ಹಾಗೆಯೇ ಕಾರಿನ ಮೈಮೇಲಿನ ಗೀರನ್ನೂ ತೆಗೆಯುತ್ತೇವೆ ಎನ್ನುತ್ತೇವೆ. ಆದರೆ ಮುಳ್ಳನ್ನು ಕಿತ್ತು ಅಂಗೈ ಮೇಲಿಟ್ಟು ತೋರಿಸಬಹುದು. ಕಸವನ್ನು ಕರವಸ್ತ್ರದ ತುದಿಯಲ್ಲಿ ತೋರಿಸಬಹುದು. ಗೀರನ್ನು ಹಾಗೆ ತೆಗೆದು ತೋರಿಸಿದವರು ಯಾರೂ ಇಲ್ಲ. ಗೀರು ಒಂದು ವಸ್ತುವೇ ಅಲ್ಲವಲ್ಲ. ಇದ್ದ ಬಣ್ಣ ಇಲ್ಲವಾದ ಜಾಗ ಅದು. ಇಲ್ಲದ್ದನ್ನು ತೆಗೆಯುವುದು ಹೇಗೆ?

ಮಾತಿನ ಆಟದಂತೆ ಕಾಣಬಹುದು. ಆದರೆ ಭಾನುವಾರ ಬೆಳಿಗ್ಗೆ ಒಂದು ಬಕೆಟ್ಟು, ಎರಡು ಬಟ್ಟೆ, ಸಣ್ಣದೊಂದು ಡಬ್ಬಿ ರಬ್ಬಿಂಗ್ ಕಾಂಪೌಂಡ್ ಇಟ್ಟುಕೊಂಡು ಕಾರಿನ ಬಾಗಿಲ ಪಕ್ಕ ಕುಕ್ಕರುಗಾಲಲ್ಲಿ ಕೂತವರಿಗೆ ಇದು ಕೈಯಲ್ಲೇ ಸಿಗುವ ಪ್ರಶ್ನೆ. ಆ ಡಬ್ಬಿಯಲ್ಲಿರುವುದು ಏನು, ಅದು ಮಾಡುವುದೇನು ಎಂದು ಕೇಳಿಕೊಂಡರೆ ಉತ್ತರವೂ ಅಲ್ಲೇ ಸಿಗುತ್ತದೆ.

ಇಂದಿನ ಕಾರುಗಳ ತಗಡಿನ ಮೇಲೆ ಸಾಮಾನ್ಯವಾಗಿ ನಾಲ್ಕು ಪದರಗಳಿರುತ್ತವೆ. ತಗಡಿಗೆ ಅಂಟಿಕೊಂಡು, ವಿದ್ಯುತ್ತಿನ ನೆರವಿನಿಂದ ಕೂರಿಸಿದ, ತುಕ್ಕು ತಡೆಯುವ ಪದರ ಒಂದು. ಅದರ ಮೇಲೆ ಪ್ರೈಮರ್. ಅದರ ಮೇಲೆ ಬೇಸ್ ಕೋಟ್, ಅಂದರೆ ಕೆಂಪು, ಬಿಳಿ, ಬೂದು ಎಂದು ನಾವು ಹೆಸರಿಟ್ಟು ಕರೆಯುವ ಬಣ್ಣ. ಎಲ್ಲಕ್ಕಿಂತ ಮೇಲೆ ಬಣ್ಣವೇ ಇಲ್ಲದ, ಗಾಜಿನಂತಹ ಕ್ಲಿಯರ್ ಕೋಟ್. ಹೊಳಪು ಇದರದು. ಬಿಸಿಲಿನ ನೇರಳಾತೀತ ಕಿರಣಗಳಿಂದ ಕೆಳಗಿನ ಬಣ್ಣವನ್ನು ಕಾಯುವ ಕೆಲಸವೂ ಇದರದೇ. ನಾಲ್ಕೂ ಸೇರಿ ದಪ್ಪ ಸುಮಾರು 100ರಿಂದ 140 ಮೈಕ್ರಾನ್. ಒಂದು ಮಿಲಿಮೀಟರಿನ ಹತ್ತನೆಯ ಒಂದು ಭಾಗಕ್ಕಿಂತ ತುಸು ಹೆಚ್ಚು, ಅಷ್ಟೆ. ಅದರಲ್ಲಿ ಕ್ಲಿಯರ್ ಕೋಟಿನ ಪಾಲು 35ರಿಂದ 50 ಮೈಕ್ರಾನ್. ನಮ್ಮ ತಲೆಗೂದಲಿನ ದಪ್ಪವೇ 50ರಿಂದ 100 ಮೈಕ್ರಾನ್ ಇರುತ್ತದೆ. ಲಕ್ಷಾಂತರ ರೂಪಾಯಿಯ ಕಾರಿನ ಮಾನ ಕಾಯುತ್ತಿರುವುದು ಒಂದು ಕೂದಲಿಗಿಂತ ತೆಳುವಾದ ಪೊರೆ.

ಕಾಂಪೌಂಡ್ ಎಂದರೆ ಕಣ್ಣಿಗೆ ಕಾಣದಷ್ಟು ನುಣುಪಾದ ಗಟ್ಟಿ ಪುಡಿ ಬೆರೆಸಿದ ಲೇಪ. ಬಟ್ಟೆಗೆ ಹಚ್ಚಿ ಉಜ್ಜಿದಾಗ ಆ ಪುಡಿ ಕ್ಲಿಯರ್ ಕೋಟನ್ನು ತೇಯುತ್ತದೆ. ಗೀರು ನಮಗೆ ಕಾಣುವುದು ಅದರ ಅಂಚುಗಳು ಬೆಳಕನ್ನು ಚೆದುರಿಸುವುದರಿಂದ. ಸುತ್ತಲಿನ ಮಟ್ಟ ತೇದು ತೇದು ಗೀರಿನ ತಳದವರೆಗೆ ಇಳಿದರೆ ಅಂಚೇ ಉಳಿಯುವುದಿಲ್ಲ. ಬೆಳಕು ನೇರವಾಗಿ ಮರಳುತ್ತದೆ, ಕಣ್ಣು ಗೀರು ಹೋಯಿತು ಎನ್ನುತ್ತದೆ. ಹೋದದ್ದು ಗೀರಿನ ಸುತ್ತ ಇದ್ದ ಒಳ್ಳೆಯ ಪದರ. ಹೊಂಡವನ್ನು ತುಂಬಲಾಗದೆ ಊರನ್ನೇ ಹೊಂಡದ ಮಟ್ಟಕ್ಕೆ ಇಳಿಸಿದ ಹಾಗೆ.

'ಇಲ್ಲ' ಎಂಬುದರ ಬಗ್ಗೆ ನಮ್ಮ ತಾರ್ಕಿಕರು ಬಹಳ ಯೋಚಿಸಿದ್ದಾರೆ. ನ್ಯಾಯ-ವೈಶೇಷಿಕ ಪರಂಪರೆಯಲ್ಲಿ ಪದಾರ್ಥಗಳನ್ನು ಏಳು ಎಂದು ಎಣಿಸುವಾಗ ಏಳನೆಯದಾಗಿ ಬರುವುದು ಅಭಾವ. ಅನ್ನಂಭಟ್ಟನ 'ತರ್ಕಸಂಗ್ರಹ' ಓದಿದವರಿಗೆ ಅದರ ನಾಲ್ಕು ಬಗೆಗಳು ಗೊತ್ತು. ಗಾಳಿಯಲ್ಲಿ ಬಣ್ಣ ಎಂದೆಂದಿಗೂ ಇಲ್ಲದಿರುವುದು ಒಂದು. ಮಡಕೆ ಬಟ್ಟೆಯಲ್ಲ ಎಂಬ ಪರಸ್ಪರ ಭೇದ ಇನ್ನೊಂದು. ಉಳಿದ ಎರಡು ನಮಗಿಲ್ಲಿ ಬೇಕಾದವು. ಮಡಕೆ ಹುಟ್ಟುವ ಮುಂಚಿನ ಇಲ್ಲದಿರುವಿಕೆ ಪ್ರಾಗಭಾವ. ಅದಕ್ಕೆ ಆದಿಯಿಲ್ಲ, ಕೊನೆಯಿದೆ, ಮಡಕೆ ಹುಟ್ಟಿದ ಕ್ಷಣ ಅದು ಮುಗಿಯಿತು. ಮಡಕೆ ಒಡೆದ ಮೇಲಿನ ಇಲ್ಲದಿರುವಿಕೆ ಪ್ರಧ್ವಂಸಾಭಾವ. ಅದಕ್ಕೆ ಆದಿಯಿದೆ, ಕೊನೆಯಿಲ್ಲ. ಅದೇ ಮಣ್ಣಿನಿಂದ ಅಂಥದ್ದೇ ಮಡಕೆ ಮಾಡಬಹುದು. ಒಡೆದ ಆ ಮಡಕೆ ಮಾತ್ರ ಮರಳುವುದಿಲ್ಲ.

ಗೀರು ಈ ಎರಡನೆಯ ಜಾತಿಗೆ ಸೇರಿದ್ದು. ಮಂಗಳವಾರ ಸಂಜೆ ಗೇಟಿನ ಕಂಬಕ್ಕೆ ತಾಗಿ ಹೋದ ಆ ಹತ್ತು ಮೈಕ್ರಾನು ಇನ್ನು ಎಂದೆಂದಿಗೂ ಇಲ್ಲ. ನಾವು ಎಷ್ಟೇ ಉಜ್ಜಿದರೂ ಆ ಇಲ್ಲದಿರುವಿಕೆಗೆ ಕೊನೆ ಬರುವುದಿಲ್ಲ. ಅದು ಕಾಣುವುದಕ್ಕೆ ಕೊನೆ ಬರುತ್ತದೆ. ಹಾಗಾದರೆ ಅಳಿಸುವ ಕೆಲಸವೆಲ್ಲ ಒಂದು ಬಗೆಯ ಸುಳ್ಳೇ? ಆದ ಹಾನಿಯನ್ನು ಕಾಣದಂತೆ ಮಾಡುವುದು ಯಾವಾಗ ರಿಪೇರಿ, ಯಾವಾಗ ಮುಚ್ಚಿಡುವುದು? ಅದರ ಬೆಲೆ ಕೊಡುವವರು ಯಾರು? ಕಾರಿನ ಬಾಗಿಲ ಮುಂದೆ ಕೂತು ಕೇಳಬೇಕಾದ ಪ್ರಶ್ನೆಗಳು ಇವು ಎಂದು ನನಗೆ ಅನಿಸುತ್ತದೆ.

ಮೊದಲು, ಅಳಿಸಬೇಕು ಎಂಬ ಆಸೆ ಎಲ್ಲಿಂದ ಬರುತ್ತದೆ ಎಂದು ನೋಡೋಣ. ಗೀರು ಬಿದ್ದ ಕಾರು ಮೊದಲಿನಷ್ಟೇ ಚೆನ್ನಾಗಿ ಓಡುತ್ತದೆ. ಎಂಜಿನ್ನಿಗೆ ಸುದ್ದಿಯೇ ಮುಟ್ಟುವುದಿಲ್ಲ, ಮೈಲೇಜು ಇಳಿಯುವುದಿಲ್ಲ. ಆದರೂ ಹೊಸ ಕಾರಿಗೆ ಮೊದಲ ಗೀರು ಬಿದ್ದ ದಿನ ಮನೆಯಲ್ಲಿ ಯಾರಿಗೂ ಊಟ ಸೇರುವುದಿಲ್ಲ. ಆಯುಧಪೂಜೆಗೆ ಕುಂಬಳಕಾಯಿ ಒಡೆದು, ಚಕ್ರದಡಿ ನಿಂಬೆಹಣ್ಣಿಟ್ಟು, ಬಾನೆಟ್ಟಿಗೆ ಹಾರ ಹಾಕಿ ಹೊರಡಿಸಿದ ಗಾಡಿ. ಸಾಲದ ಕಂತು ಇನ್ನೂ ವರ್ಷಗಟ್ಟಲೆ ಇದೆ. ಆ ಗೀರು ಕಾರಿನ ಮೇಲೆ ಬಿದ್ದದ್ದಲ್ಲ, ನಮ್ಮ ಏಳಿಗೆಯ ಮೇಲೆ ಬಿದ್ದದ್ದು ಎನಿಸುತ್ತದೆ. ಎರಡನೆಯ ಗೀರು ಅಷ್ಟು ನೋಯಿಸುವುದಿಲ್ಲ. ಹತ್ತನೆಯದು ಬಿದ್ದದ್ದು ಗೊತ್ತೂ ಆಗುವುದಿಲ್ಲ.

ಹೊಳಪು ಹೀಗೆ ಮಾನದ ವಿಷಯವಾದದ್ದಕ್ಕೆ ಒಂದು ಚರಿತ್ರೆಯೂ ಇದೆ. ಅಮೆರಿಕದ ಫೋರ್ಡ್ ಕಂಪನಿಯ ಮಾಡೆಲ್ ಟಿ 1914ರಿಂದ 1925ರವರೆಗೆ ಕಪ್ಪು ಬಣ್ಣದಲ್ಲಷ್ಟೇ ಬರುತ್ತಿತ್ತು. ಬೇರೆ ಬಣ್ಣ ಬೇಕೆಂದರೆ ವಾರ್ನಿಶ್ಶಿನ ಪದರದ ಮೇಲೆ ಪದರ ಹಚ್ಚಿ ಒಣಗಿಸಲು ವಾರಗಟ್ಟಲೆ ಕಾಯಬೇಕಿದ್ದ ಕಾಲ ಅದು. 1920ರ ದಶಕದಲ್ಲಿ ಡ್ಯುಪಾಂಟ್ ಕಂಪನಿ ಬೇಗ ಒಣಗುವ ಡ್ಯೂಕೋ ಎಂಬ ಲ್ಯಾಕರನ್ನು ತಂದಿತು. ಜನರಲ್ ಮೋಟರ್ಸ್ ಅದನ್ನು ಮೊದಲು ತನ್ನ ಓಕ್‌ಲ್ಯಾಂಡ್ ಕಾರುಗಳಿಗೆ ಬಳಿಯಿತು. ಬಣ್ಣ ಅಗ್ಗವಾಯಿತು, ಬಗೆಬಗೆಯಾಯಿತು. ಓಡುವ ಯಂತ್ರವಾಗಿದ್ದ ಕಾರು ನೋಡುವ ವಸ್ತುವೂ ಆಯಿತು. ನಮ್ಮ ಬಡಗಿಗಳು ಇಂದಿಗೂ ಬೀರುವಿಗೆ 'ಡ್ಯೂಕೋ ಹೊಡೆಸೋಣ್ವಾ?' ಎಂದು ಕೇಳುವಾಗ ಆ ಹಳೆಯ ಹೆಸರು ಹಾಗೇ ಬಾಯಲ್ಲಿ ಉಳಿದಿದೆ. ಹೊಳೆಯುವುದೆಂದರೆ ಹೊಸತು, ಹೊಸತೆಂದರೆ ಒಳ್ಳೆಯದು ಎಂಬ ಲೆಕ್ಕ ಅಂದಿನಿಂದ ಗಟ್ಟಿಯಾಗುತ್ತಲೇ ಬಂದಿದೆ.

ಗ್ಯಾರೇಜಿಗೆ ಕೊಡದೆ ಮನೆಯಲ್ಲೇ ಏಕೆ ಉಜ್ಜಬೇಕು? ವಿಮೆ ಇದೆಯಲ್ಲ ಎನ್ನಬಹುದು. ನಮ್ಮಲ್ಲಿ ಸ್ವಂತ ಕಾರಿನ ಹಾನಿಗೆ ಪರಿಹಾರ ಕೇಳದೆ ಕಳೆದ ವರ್ಷಗಳಿಗೆ 'ನೋ ಕ್ಲೈಮ್ ಬೋನಸ್' ಎಂಬ ರಿಯಾಯಿತಿ ಉಂಟು. ಮೊದಲ ವರ್ಷಕ್ಕೆ ಶೇ. 20, ಆಮೇಲೆ 25, 35, 45, ಐದು ವರ್ಷ ಮುಗಿಸಿದವರಿಗೆ ಶೇ. 50. ಸಣ್ಣ ಗೀರಿಗೆ ಒಮ್ಮೆ ಅರ್ಜಿ ಹಾಕಿದರೆ ಸಾಮಾನ್ಯವಾಗಿ ಏಣಿಯ ತುದಿಯಿಂದ ನೇರ ನೆಲಕ್ಕೆ. ಮೂಗಿಗಿಂತ ಮೂಗುತಿ ಭಾರ. ಅದಕ್ಕೇ ಮಧ್ಯಮ ವರ್ಗದ ಮನೆಗಳಲ್ಲಿ ಸಣ್ಣ ಗೀರು ಮನೆಮದ್ದಿನ ವ್ಯವಹಾರ. ಕೆಲವರು ಬಚ್ಚಲಿನಿಂದ ಟೂತ್‌ಪೇಸ್ಟ್ ತರುತ್ತಾರೆ. ಅದು ಸ್ವಲ್ಪ ಮಟ್ಟಿಗೆ ಕೆಲಸ ಮಾಡುವುದೂ ನಿಜ, ಹಲ್ಲನ್ನು ಉಜ್ಜುವ ಪುಡಿ ಅದರಲ್ಲೂ ಇದೆ.

ಆದರೆ ಕೆಲಸ ತಿಳಿದವರು ಕಾರಿನ ಮುಂದೆ ಕೂತೊಡನೆ ಉಜ್ಜುವುದಿಲ್ಲ. ಮೊದಲು ನೆರಳಿನಲ್ಲಿ ನಿಲ್ಲಿಸಿ, ಧಾರಾಳವಾಗಿ ನೀರು ಬಿಟ್ಟು, ಮೇಲಿನಿಂದ ಕೆಳಕ್ಕೆ ತೊಳೆಯುತ್ತಾರೆ. ಮೈಮೇಲೆ ಕೂತ ಧೂಳೇ ಉಪ್ಪುಕಾಗದ. ಒಣಬಟ್ಟೆಯಲ್ಲಿ ಒರೆಸಲು ಹೋದರೆ ಒಂದು ಗೀರು ಅಳಿಸಲು ಹೋಗಿ ನೂರು ಗೀರು ಮಾಡಿದಂತೆ. ಆಮೇಲೆ ಎರಡು ಪರೀಕ್ಷೆ. ಗೀರಿನ ಮೇಲೆ ನೀರು ಹಾಕಿ ನೋಡುವುದು ಒಂದು. ಒದ್ದೆಯಿರುವಷ್ಟು ಹೊತ್ತು ಗೀರು ಮಾಯವಾದರೆ ಅದು ಕ್ಲಿಯರ್ ಕೋಟಿನಲ್ಲೇ ನಿಂತಿದೆ ಎಂದು ಅರ್ಥ. ನೀರು ತಗ್ಗನ್ನು ತುಂಬಿ ಬೆಳಕಿಗೆ ದಾರಿ ಸರಿಮಾಡಿಕೊಟ್ಟಿರುತ್ತದೆ. ಉಗುರನ್ನು ಅಡ್ಡಡ್ಡ ಎಳೆಯುವುದು ಇನ್ನೊಂದು. ಉಗುರು ತಡೆದು ನಿಂತರೆ ಗೀರು ಆಳದ್ದು, ಉಜ್ಜಿ ಪ್ರಯೋಜನವಿಲ್ಲ.

ಹೀಗೆ ನೋಡಿದಾಗ ಗೀರು ಎಂದು ನಾವು ಕರೆಯುವುದರಲ್ಲಿ ಮೂರು ಬೇರೆಬೇರೆ ಸಂಗತಿಗಳಿವೆ ಎಂದು ತಿಳಿಯುತ್ತದೆ.

ಮೊದಲನೆಯದು ಗೀರೇ ಅಲ್ಲ. ಬೇರೆ ಕಾರಿನ ಬಣ್ಣವೋ, ಗೋಡೆಯ ಸುಣ್ಣವೋ, ಸ್ಕೂಟರಿನ ಹ್ಯಾಂಡಲ್ಲಿನ ರಬ್ಬರೋ ನಮ್ಮ ಬಣ್ಣದ ಮೇಲೆ ಬಂದು ಅಂಟಿಕೊಂಡಿರುತ್ತದೆ. ನೋಡಲು ದೊಡ್ಡ ಗಾಯ. ಆದರೆ ಅದು ಮೇಲೆ ಬಂದು ಸೇರಿದ್ದು, ಒಳಗಿನದು ಬಹುಮಟ್ಟಿಗೆ ಹಾಗೇ ಇದೆ. ಕಾರು ತೊಳೆಯುವವರು ಬಳಸುವ ಜೇಡಿಯಂತಹ ಮುದ್ದೆಗೆ ಸೋಪಿನ ನೀರು ಹಚ್ಚಿ ಮೆಲ್ಲಗೆ ಆಡಿಸಿದರೆ, ಇಲ್ಲವೇ ಬಟ್ಟೆಗೆ ಸ್ವಲ್ಪ ಸ್ಪಿರಿಟ್ ಮುಟ್ಟಿಸಿ ಒರೆಸಿದರೆ ಬಿಟ್ಟುಕೊಳ್ಳುತ್ತದೆ. ಇಲ್ಲಿ ಮಾತ್ರ 'ತೆಗೆಯುವುದು' ಎಂಬ ಕ್ರಿಯಾಪದ ಸರಿಯಾಗಿ ಒಪ್ಪುತ್ತದೆ.

ಎರಡನೆಯದು ಕ್ಲಿಯರ್ ಕೋಟಿನ ಒಳಗಿನ ಗೀರು. ಕಾಂಪೌಂಡಿನ ಕೆಲಸ ಇಲ್ಲಿ. ಅಂಗೈಯಗಲ ಜಾಗ, ಹಗುರ ಕೈ, ನಾಲ್ಕು ಸುತ್ತು ಉಜ್ಜಿ, ಒರೆಸಿ, ಓರೆ ಬೆಳಕಿನಲ್ಲಿ ನೋಡಿ, ಬೇಕಿದ್ದರಷ್ಟೇ ಮತ್ತೆ. ಆಮೇಲೆ ಇನ್ನೂ ನುಣುಪಾದ ಪಾಲಿಶ್, ಕೊನೆಗೆ ಕಾಪಿಗೊಂದು ಪದರ ವ್ಯಾಕ್ಸ್. ಬಾಗಿಲಿನ ಏಣು, ಬಾನೆಟ್ಟಿನ ಅಂಚು ಇಂಥ ಕಡೆ ಬಣ್ಣ ಮೊದಲೇ ತೆಳು, ಅಲ್ಲಿ ಇನ್ನಷ್ಟು ಹುಷಾರು. ಪೂರ್ತಿ ಹೋಗಲೇಬೇಕು ಎಂದು ಹಟ ಹಿಡಿದವರು ಅಲ್ಲೇ ಕ್ಲಿಯರ್ ಕೋಟ್ ದಾಟಿ ಬಣ್ಣಕ್ಕೆ ಇಳಿಯುವುದು. ಬಟ್ಟೆಗೆ ಕಾರಿನ ಬಣ್ಣ ಹತ್ತತೊಡಗಿದರೆ ಆಟ ಮುಗಿಯಿತು.

ಮೂರನೆಯದು ಪ್ರೈಮರಿನವರೆಗೆ ಅಥವಾ ತಗಡಿನವರೆಗೆ ಇಳಿದ ಗೀರು. ಇದನ್ನು ಉಜ್ಜಬಾರದು, ತುಂಬಬೇಕು. ಕಾರಿನ ಮೇಲೆ ಬರೆದಿರುವ ಬಣ್ಣದ ಸಂಕೇತ ನೋಡಿ ಟಚ್‌ಅಪ್ ಬಣ್ಣ ತಂದು, ಸಣ್ಣ ಕುಂಚದಲ್ಲಿ ಪ್ರೈಮರ್, ಬಣ್ಣ, ಕ್ಲಿಯರ್ ಎಂದು ಪದರಪದರವಾಗಿ ಕೂರಿಸಬೇಕು. ಸಂಕೇತ ಅದೇ ಆದರೂ ಬಣ್ಣ ಅಷ್ಟು ಸುಲಭಕ್ಕೆ ಹೊಂದುವುದಿಲ್ಲ, ಕಾರು ಇಷ್ಟು ವರ್ಷ ಬಿಸಿಲಲ್ಲಿ ನಿಂತು ತನ್ನದೇ ಬಣ್ಣಕ್ಕೆ ಬಂದಿರುತ್ತದೆ. ತೇಪೆ ಕಾಣುತ್ತದೆ, ಕಂಡರೆ ಕಾಣಲಿ. ಇಲ್ಲಿ ಕೇಳುವ ಪ್ರಶ್ನೆ ಚೆಂದದ್ದಲ್ಲ, ತುಕ್ಕಿನದು. ಮಂಗಳೂರು, ಕಾರವಾರದ ಉಪ್ಪುಗಾಳಿಯಲ್ಲಿ ಬರಿಮೈಯಾದ ತಗಡು ಬಹಳ ದಿನ ತಾಳುವುದಿಲ್ಲ. ತುಕ್ಕು ಗೀರಿನ ಅಂಚಿನಿಂದ ಒಳ್ಳೆಯ ಬಣ್ಣದ ಅಡಿಗೆ ನುಗ್ಗಿ, ಒಳಗಿಂದಲೇ ಗುಳ್ಳೆ ಏಳಿಸುತ್ತದೆ. ಅದೇ ಆಳದ ಗೀರು ಪ್ಲಾಸ್ಟಿಕ್ಕಿನ ಬಂಪರಿನ ಮೇಲಿದ್ದರೆ ಹತ್ತು ವರ್ಷ ಬಿಟ್ಟರೂ ತುಕ್ಕು ಹಿಡಿಯುವ ಮಾತಿಲ್ಲ.

ಈ ವಿಂಗಡಣೆ ನನಗೆ ಬರೀ ಗ್ಯಾರೇಜಿನ ಜ್ಞಾನವಾಗಿ ಕಾಣುವುದಿಲ್ಲ. ಎದ್ದು ಕಾಣುವುದು ಬೇರೆ, ಕೆಡಿಸುವುದು ಬೇರೆ ಎಂದು ಅದು ಹೇಳುತ್ತದೆ. ಬಾಗಿಲ ತುಂಬ ಹರಡಿದ ಬಿಳಿ ಸುಣ್ಣದ ಗುರುತು ಕಣ್ಣಿಗೆ ರಾಚುತ್ತದೆ, ಅದರಿಂದ ಏನೂ ಕೆಡುವುದಿಲ್ಲ. ಚಕ್ರದ ಮೇಲಿನ ಕಮಾನಿನ ಒಳಗೆ ಯಾರಿಗೂ ಕಾಣದೆ ಕೂತ ಅಕ್ಕಿಕಾಳಿನಷ್ಟು ಕಲ್ಲೇಟು ತಗಡನ್ನೇ ತಿನ್ನಬಲ್ಲದು. ನಾವು ಮೊದಲನೆಯದಕ್ಕೆ ಒಂದು ಭಾನುವಾರ ಇಡೀ ಕೊಡುತ್ತೇವೆ, ಎರಡನೆಯದನ್ನು ನೋಡುವುದೂ ಇಲ್ಲ. ಸಂಸಾರದಲ್ಲಿ, ಸ್ನೇಹದಲ್ಲಿ, ಸಂಸ್ಥೆಗಳಲ್ಲಿ ನಡೆಯುವುದೂ ಬಹುಪಾಲು ಇದೇ. ನಾಲ್ಕು ಜನರ ಮುಂದೆ ಆದ ಒಂದು ಮಾತಿನ ತರಚಿಗೆ ತಿಂಗಳುಗಟ್ಟಲೆ ಮುಲಾಮು ಹಚ್ಚುತ್ತೇವೆ. ಯಾರಿಗೂ ಕಾಣದ ಕಡೆ ತುಕ್ಕು ತನ್ನಷ್ಟಕ್ಕೆ ಕೆಲಸ ಮಾಡುತ್ತಿರುತ್ತದೆ. ಆದ್ದರಿಂದ, ಗೀರು ಹಾಗೇ ಇರಲಿ, ಎಲ್ಲ ಮಾಯೆ ಎಂದು ಕೈಕಟ್ಟಿ ಕೂರುವುದೂ ವೈರಾಗ್ಯವಲ್ಲ. ತಗಡು ಕಾಣುತ್ತಿರುವಾಗ ಸುಮ್ಮನಿರುವುದು ಸೋಮಾರಿತನ.

ಮೊದಲ ಬಗೆಯ ಗುರುತಿಗೆ ಮತ್ತೆ ಬರೋಣ. ನಮ್ಮ ಬಿಳಿ ಬಂಪರಿನ ಮೂಲೆಯಲ್ಲಿ ಕೆಂಪು ಬಣ್ಣ ಅಂಟಿದೆ ಎಂದುಕೊಳ್ಳಿ. ಸ್ಪಿರಿಟ್ಟಿನಲ್ಲಿ ಒರೆಸಿದರೆ ಐದು ನಿಮಿಷದ ಕೆಲಸ. ಆದರೆ ಬಣ್ಣ ಒಂದೇ ಕಡೆಗೆ ದಾಟುವುದು ಅಪರೂಪ. ನಮ್ಮ ಮೇಲೆ ಕೆಂಪು ಬಂದಿದ್ದರೆ ಎಲ್ಲೋ ಒಂದು ಕೆಂಪು ಕಾರಿನ ಮೇಲೆ ನಮ್ಮ ಬಿಳಿ ಕೂತಿರುವ ಸಾಧ್ಯತೆ ದೊಡ್ಡದು. ಅದು ನಿಂತ ಕಾರಾಗಿದ್ದರೆ, ತಾಗಿಸಿದವರು ನಾವಾಗಿದ್ದರೆ, ಆ ಕೆಂಪು ಕಲೆ ಬರೀ ಕೊಳೆಯಲ್ಲ, ಸಾಕ್ಷಿ. ಅದನ್ನು ಒರೆಸುವ ಬಟ್ಟೆ ಒಂದೇ ಹೊತ್ತಿಗೆ ಎರಡು ಕೆಲಸ ಮಾಡುತ್ತಿರುತ್ತದೆ. ಎರಡನೆಯ ಕೆಲಸದ ಬಗ್ಗೆ ಡಬ್ಬಿಯ ಮೇಲೆ ಏನೂ ಬರೆದಿರುವುದಿಲ್ಲ.

ಯಾರೂ ನೋಡದಾಗ ಮನುಷ್ಯ ಏನು ಮಾಡುತ್ತಾನೆ ಎಂಬುದು ಹಳೆಯ ಪ್ರಶ್ನೆ. ಪ್ಲೇಟೋನ 'ರಿಪಬ್ಲಿಕ್'ನಲ್ಲಿ ಗೈಜಿಸ್ ಎಂಬ ಕುರುಬನಿಗೆ ತಿರುಗಿಸಿದರೆ ಮಾಯವಾಗಿಸುವ ಉಂಗುರ ಸಿಗುವ ಕತೆ ಬರುತ್ತದೆ. ನಮಗೆ ಅದಕ್ಕಿಂತ ಹತ್ತಿರದ್ದು ಕನಕದಾಸರ ಬಾಳೆಹಣ್ಣಿನ ಕತೆ. ಯಾರೂ ಕಾಣದ ಜಾಗದಲ್ಲಿ ತಿಂದು ಬನ್ನಿ ಎಂದು ಗುರುಗಳು ಶಿಷ್ಯರಿಗೆಲ್ಲ ಹಣ್ಣು ಕೊಟ್ಟಾಗ ಕನಕನೊಬ್ಬ ಹಣ್ಣನ್ನು ಹಾಗೇ ಹಿಂದಕ್ಕೆ ತಂದ ಕತೆ ಪ್ರಾಥಮಿಕ ಶಾಲೆಯಲ್ಲೇ ನಮ್ಮೆಲ್ಲರ ಕಿವಿಗೆ ಬಿದ್ದಿದೆ. ಇಂದು ಮಾಲಿನ ನೆಲಮಾಳಿಗೆಯ ಪಾರ್ಕಿಂಗ್ ಆ ಪರೀಕ್ಷೆಯ ಹೊಸ ಜಾಗ. ತಾಗಿದ ಸದ್ದು ಕೇಳಿಸಿತು, ಸುತ್ತ ಯಾರೂ ಇಲ್ಲ. ಒಂದು ಚೀಟಿಯಲ್ಲಿ ಫೋನ್ ನಂಬರು ಬರೆದು ವೈಪರಿಗೆ ಸಿಕ್ಕಿಸಲು ಎರಡು ನಿಮಿಷ ಸಾಕು. ಎಷ್ಟು ಜನ ಮೊದಲು ಮೇಲೆ ನೋಡಿ ಕ್ಯಾಮೆರಾ ಹುಡುಕುತ್ತೇವೆ! ಕ್ಯಾಮೆರಾ ಇದ್ದರೆ ಚೀಟಿ, ಇಲ್ಲದಿದ್ದರೆ ಗೇರು ಎಂದಾದರೆ ನಾವು ಹೆದರಿದ್ದು ಯಾರಿಗೆ ಎಂಬುದು ಸ್ಪಷ್ಟ. ಹಾಗಾಗಿ ಮನೆಯಲ್ಲಿ ಗೀರು ಅಳಿಸುವ ವಿಧಾನದ ಮೊದಲ ಹೆಜ್ಜೆ ತೊಳೆಯುವುದಕ್ಕೂ ಮುಂಚಿನದು. ಈ ಬಣ್ಣ ಯಾರದು? ಅವರಿಗೆ ಹೇಳಿ ಆಯಿತೇ? ಹೇಳಿದ ಮೇಲೆ ಒರೆಸಿದರೆ ಅದು ಶುಚಿ ಮಾಡುವುದು. ಹೇಳದೆ ಒರೆಸಿದರೆ ಅದೇ ಬಟ್ಟೆ, ಅದೇ ಸ್ಪಿರಿಟ್ಟು, ಬೇರೆ ಕೆಲಸ.

ಇದಕ್ಕೆ ತಿರುಗುಮುರುಗಾದ ಸಂದರ್ಭವೂ ಉಂಟು. ಗೀರು ನಮ್ಮ ಕಾರಿನ ಮೇಲಿದೆ, ಮಾಡಿದವರು ಯಾರೋ ಗೊತ್ತಿಲ್ಲ. ಬೆಂಗಳೂರಿನ ಅಪಾರ್ಟ್‌ಮೆಂಟುಗಳಲ್ಲಿ ನಸುಕಿನಲ್ಲೇ ಕಾರು ಒರೆಸಲು ಬರುವ ಹುಡುಗರಿದ್ದಾರೆ. ತಿಂಗಳಿಗೆ ಒಂದು ಕಾರಿಗೆ ಕೆಲವು ನೂರು ರೂಪಾಯಿ. ಒಬ್ಬನ ಪಾಲಿಗೆ ಹತ್ತಾರು ಕಾರು, ಏಳು ಗಂಟೆಯೊಳಗೆ ಎಲ್ಲ ಮುಗಿಯಬೇಕು, ನೀರು ಹೆಚ್ಚು ಬಳಸುವಂತಿಲ್ಲ. ಒಂದು ಬಕೆಟ್ಟು, ಒಂದು ಬಟ್ಟೆ. ಮೊದಲ ಕಾರಿನ ಮರಳು ಬಕೆಟ್ಟಿಗೆ ಇಳಿದು ಐದನೆಯ ಕಾರಿನ ಮೈಗೆ ಹತ್ತುತ್ತದೆ. ವರ್ಷ ಕಳೆದ ಮೇಲೆ ಬಿಸಿಲಿನಲ್ಲಿ ನೋಡಿದರೆ ಬಾನೆಟ್ಟಿನ ತುಂಬ ಜೇಡರ ಬಲೆಯಂತಹ ಸುತ್ತುಸುತ್ತಿನ ನವಿರು ಗೀರುಗಳು. ಅದರ ಜೊತೆ ಬಾಗಿಲ ಮೇಲೊಂದು ಉದ್ದನೆಯ ಗೀರು ಕಂಡಿತು ಎನ್ನಿ, ಮಾತು ಹೇಗೆ ನಡೆಯುತ್ತದೆ ಎಂದು ಅಂಥ ಕಟ್ಟಡಗಳಲ್ಲಿರುವ ಎಲ್ಲರಿಗೂ ಗೊತ್ತು.

'ಏನಪ್ಪಾ, ನೀನೇ ಅಲ್ವಾ ಇದು ಮಾಡಿದ್ದು?'

'ಇಲ್ಲ ಸಾರ್, ನಿನ್ನೆನೂ ಇತ್ತು ಸಾರ್.'

'ನಿನ್ನೆ ಇದ್ರೆ ನಿನ್ನೆನೇ ಹೇಳ್ಬೇಕಿತ್ತು ತಾನೆ?'

ಮುಂದಿನ ತಿಂಗಳ ಸಂಬಳದಲ್ಲಿ ಒಂದಿಷ್ಟು ಕಡಿಮೆ, ಇಲ್ಲವೇ ನಾಳೆಯಿಂದ ಬರಬೇಡ. ಗೀರಿಗೆ ಸಹಿ ಇರುವುದಿಲ್ಲ. ಸಹಿ ಇಲ್ಲದ ಕಡೆ ನಾವು ಕೈಗೆ ಸಿಕ್ಕವರ ಹೆಸರು ಬರೆಯುತ್ತೇವೆ. ಕೈಗೆ ಸಿಗುವವರು ಯಾವಾಗಲೂ ನಮಗಿಂತ ದುರ್ಬಲರು. ಬಾಗಿಲು ತೆರೆಯುವಾಗ ಪಕ್ಕದ ಮನೆಯವರು ತಾಗಿಸಿರಬಹುದು, ನಮ್ಮದೇ ಮಗುವಿನ ಸೈಕಲ್ಲು ತಾಗಿರಬಹುದು. ಆ ಸಾಧ್ಯತೆಗಳನ್ನು ನಾವು ಅಷ್ಟು ಗಟ್ಟಿಯಾಗಿ ಕೇಳುವುದಿಲ್ಲ. ಬಲೆಯಂತಹ ಗೀರುಗಳ ಮಾತು ಬಂದರೆ, ಅವು ನಿಜವಾಗಿಯೂ ಆ ಬಟ್ಟೆಯಿಂದಲೇ ಬಂದವು ಎಂದಿಟ್ಟುಕೊಳ್ಳೋಣ. ಒಂದು ಬಕೆಟ್ಟು ನೀರಿನಲ್ಲಿ, ನಾಲ್ಕು ನಿಮಿಷದಲ್ಲಿ, ಇಷ್ಟು ಕಡಿಮೆ ದುಡ್ಡಿಗೆ ದಿನಾ ಹೊಳೆಯಬೇಕು ಎಂದು ಗೊತ್ತು ಮಾಡಿದವರು ಯಾರು? ಆ ಗೀರು ಅವನ ಕೈಯಲ್ಲಿ ಬಿತ್ತು, ನಮ್ಮ ಷರತ್ತಿನಲ್ಲಿ ಹುಟ್ಟಿತು.

ಕಾಂಪೌಂಡಿನ ತತ್ವ ಇಲ್ಲಿ ಮನುಷ್ಯರ ನಡುವೆ ನಡೆಯುವುದು ಕಾಣುತ್ತದೆ. ನಮ್ಮ ಒಂದು ಹೊಂಡವನ್ನು ಸಮ ಮಾಡಲು ಸುತ್ತಲಿನ ಒಳ್ಳೆಯದನ್ನು ಇಳಿಸುವುದು. ಕಾರಿನ ಮೇಲೆ ಇಳಿಯುವುದು ನಮ್ಮದೇ ಕ್ಲಿಯರ್ ಕೋಟ್, ಅದು ನಮ್ಮಿಷ್ಟ. ಹುಡುಗನ ಸಂಬಳ ಇಳಿಸಿದಾಗ ತೇದು ಹೋಗುವುದು ಇನ್ನೊಬ್ಬರ ಮನೆಯ ಪದರ. ಆ ಪದರ ಎಷ್ಟು ಮೈಕ್ರಾನಿದೆ ಎಂದು ಅಳೆಯುವ ಯಂತ್ರ ನಮ್ಮಲ್ಲಿಲ್ಲ. ಸಿಟ್ಟು ಇಳಿಯುತ್ತದೆ, ಮನಸ್ಸು ನುಣ್ಣಗಾಗುತ್ತದೆ, ಗೀರು ಅಲ್ಲೇ ಇರುತ್ತದೆ.

ಇನ್ನು ಮಾರುವ ಸಮಯದ ಹೊಳಪು. ಹಳೆಯ ಕಾರನ್ನು ಮಾರುವ ಮುಂಚೆ ಎಲ್ಲರೂ ಪಾಲಿಶ್ ಮಾಡಿಸುತ್ತಾರೆ. ಇದು ಮೋಸವೇ? ಹೆಣ್ಣು ನೋಡಲು ಬರುವ ದಿನ ಮನೆಗೆ ಸುಣ್ಣ ಹೊಡೆಸಿದರೆ ಯಾರೂ ಮೋಸ ಎನ್ನುವುದಿಲ್ಲ. ಬಂದವರಿಗೂ ಅದು ಗೊತ್ತಿರುತ್ತದೆ. ಆದರೆ ಪಾಲಿಶ್ಶುಗಳಲ್ಲೂ ಎರಡು ಬಗೆ. ಕೆಲವು ತೇಯುತ್ತವೆ. ಕೆಲವು ತೇಯುವುದಿಲ್ಲ, ಎಣ್ಣೆ ಮೇಣಗಳಿಂದ ಗೀರನ್ನು ತುಂಬಿ ನಿಲ್ಲುತ್ತವೆ. ನೀರು ಹಾಕಿದಾಗ ಗೀರು ಮಾಯವಾಯಿತಲ್ಲ, ಅದೇ ಉಪಾಯ. ನೀರಿಗಿಂತ ಹೆಚ್ಚು ದಿನ ನಿಲ್ಲುತ್ತದೆ, ನಾಲ್ಕಾರು ಸಲ ತೊಳೆದರೆ ಗೀರು ಮರಳಿ ಬರುತ್ತದೆ. ನಮ್ಮ ಬಳಿಯೇ ಇರುವ ಕಾರಿಗೆ ಇದನ್ನು ಹಚ್ಚುವುದು ತಪ್ಪಲ್ಲ, ತೆಳ್ಳಗಿನ ಪೊರೆಯನ್ನು ಉಳಿಸಿಕೊಳ್ಳುವ ಜಾಣತನವೇ ಅದು. ಅದೇ ಲೇಪವನ್ನು ಕೊಳ್ಳುವವರು ಬರುವ ಹಿಂದಿನ ಸಂಜೆ ಹಚ್ಚಿದರೆ ಅದರ ಅರ್ಥ ಬೇರೆ.

ಗೆರೆ ಎಳೆಯುವುದು ಎಲ್ಲಿ? ಕೊಂಡವರು ನಾಳೆ ಹೊರಬೇಕಾದ ಭಾರವನ್ನು ನಾವು ಇಂದು ಕಾಣದಂತೆ ಮಾಡುತ್ತಿದ್ದೇವೆಯೇ ಎಂದು ಕೇಳಿಕೊಂಡರೆ ಸಾಕು. ನವಿರು ಗೀರು ಮುಚ್ಚಿದರೆ ಅವರಿಗೆ ಹೋಗುವುದು ಸ್ವಲ್ಪ ಸಂತೋಷ. ತುಕ್ಕಿನ ಗುಳ್ಳೆಯನ್ನು ಪುಟ್ಟಿ ಮೆತ್ತಿ, ಮೇಲೆ ಬಣ್ಣ ಹೊಡೆದು ಕೊಟ್ಟರೆ ಅವರ ಪಾಲಿಗೆ ಹೋಗುವುದು ತೂತು ಬೀಳಲಿರುವ ತಗಡು. ಅದಕ್ಕೇ ಹಳೆಯ ಕಾರು ನೋಡಲು ಹೋಗುವ ಅನುಭವಿಗಳು ಗೀರಿದ್ದರೆ ಹೆದರುವುದಿಲ್ಲ. ಬೇರೆಲ್ಲ ಕಡೆ ಸಣ್ಣಪುಟ್ಟ ಗೀರಿದ್ದು ಒಂದೇ ಬಾಗಿಲು ಕನ್ನಡಿಯಂತಿದ್ದರೆ ಅಲ್ಲಿ ನಿಂತು ಬೆರಳಿನಿಂದ ತಟ್ಟಿ ನೋಡುತ್ತಾರೆ. ಎಂಟು ವರ್ಷದ ಕಾರಿನಲ್ಲಿ ಅನುಮಾನ ಹುಟ್ಟಿಸುವುದು ಕಲೆಗಿಂತ ಕಲೆಯಿಲ್ಲದಿರುವುದು.

ಕೊನೆಯ ಮಾತು ಲೆಕ್ಕದ್ದು. ಒಂದು ಸಲ ಚೆನ್ನಾಗಿ ಕಾಂಪೌಂಡ್ ಉಜ್ಜಿದರೆ ಕೆಲವು ಮೈಕ್ರಾನು ಹೋಗುತ್ತದೆ. ಇದ್ದದ್ದೇ ನಲವತ್ತು ಐವತ್ತು, ಅದರಲ್ಲೂ ಪೂರ್ತಿ ಖರ್ಚು ಮಾಡುವಂತಿಲ್ಲ. ಪೊರೆ ತೀರಾ ತೆಳುವಾದರೆ ಬಿಸಿಲು ಕೆಳಗಿನ ಬಣ್ಣವನ್ನು ಮುಟ್ಟುತ್ತದೆ, ಬಾನೆಟ್ಟಿನ ಮೇಲೆ ಬಿಳಿಚಿಕೊಂಡ ತೇಪೆಗಳು ಎದ್ದು ಸಿಪ್ಪೆ ಸುಲಿಯತೊಡಗುತ್ತದೆ. ಒಂದು ಕಾರಿನ ಆಯುಸ್ಸಿನಲ್ಲಿ ಒಂದೇ ಜಾಗವನ್ನು ಹೀಗೆ ಅಳಿಸುವ ಅವಕಾಶ ಬೆರಳೆಣಿಕೆಯಷ್ಟು ಸಲ ಮಾತ್ರ. ನಮ್ಮ ಹಳೆಯ ಮನೆವಾರ್ತೆಗೆ ಈ ಲೆಕ್ಕ ಗೊತ್ತಿತ್ತು. ಸಾಣೆಯವನು ಬೀದಿಗೆ ಬಂದಾಗ ಈಳಿಗೆಮಣೆಯ ಅಲಗನ್ನು ಸುಮ್ಮಸುಮ್ಮನೆ ಕೊಡುತ್ತಿರಲಿಲ್ಲ, ಹರಿತ ಮಾಡಿದಷ್ಟೂ ಅಲಗು ಸವೆಯುತ್ತದೆ ಎಂದು ಗೊತ್ತಿತ್ತು. ಹಿತ್ತಾಳೆ ಪಾತ್ರೆಯ ಕಲಾಯಿ ಸವೆದರೆ ಯಾರೂ ಅತ್ತವರಿಲ್ಲ; ಸವೆಯಲೆಂದೇ ಹಾಕಿದ ತವರದ ಪದರ ಅದು. ಕಲಾಯಿಯವನು ಬಂದಾಗ ನವಸಾಗರ ಹಾಕಿ ಕಾಸಿ, ಉಜ್ಜಿ, ಹೊಸದಾಗಿ ಬಳಿಯುತ್ತಿದ್ದ. ಪಾತ್ರೆ ಹುಳಿಗೆ ಕಿಲುಬಬಾರದು ಎಂಬುದು ಕಲಾಯಿಯ ಉದ್ದೇಶ. ಬೆಳ್ಳಿಯಂತೆ ಹೊಳೆದದ್ದು ಅದರ ಜೊತೆಗೆ ಬಂದ ಸಂತೋಷ.

ಕ್ಲಿಯರ್ ಕೋಟ್ ಕೂಡ ಒಂದು ಕಲಾಯಿಯೇ. ತಾನು ಗೀರು ತಿಂದು ಬಣ್ಣವನ್ನು ಉಳಿಸುವುದು ಅದರ ಕೆಲಸ. ಅದರ ಮೇಲೆ ಗೀರು ಬಿದ್ದಿದೆ ಎಂದರೆ ಅದು ತನ್ನ ಕೆಲಸ ಮಾಡಿದೆ ಎಂದು ಅರ್ಥ. ಆ ಗುರುತು ಕಾಣಬಾರದು ಎಂದು ಅದನ್ನೇ ತೇದು ತೆಗೆಯುವುದು, ಮನೆ ಕಾಯುವವನ ಅಂಗಿಗೆ ಕೊಳೆಯಾಯಿತೆಂದು ಅವನನ್ನೇ ಬಿಡಿಸಿ ಕಳಿಸಿದ ಹಾಗೆ.

ಹಾಗೆಂದು ಕಾಂಪೌಂಡಿನ ಡಬ್ಬಿಯನ್ನು ಎಸೆಯಬೇಕಿಲ್ಲ. ಇನ್ನೊಬ್ಬರ ಬಣ್ಣ ಅಂಟಿದ್ದರೆ, ಹೇಳಬೇಕಾದವರಿಗೆ ಹೇಳಿ, ಒರೆಸಿ ಬಿಡಬಹುದು. ತಗಡು ಕಂಡಿದ್ದರೆ ಬಣ್ಣ ಹೊಂದದಿದ್ದರೂ ಸರಿ, ಇವತ್ತೇ ಮುಚ್ಚಬೇಕು. ದಿನಾ ಕಣ್ಣಿಗೆ ಚುಚ್ಚುವ ಒಂದೆರಡು ಗೀರನ್ನು, ಬೆಲೆ ತಿಳಿದುಕೊಂಡು, ಹಗುರ ಕೈಯಲ್ಲಿ ತೇಯಬಹುದು. ಉಳಿದವುಗಳಿಗೆ ವ್ಯಾಕ್ಸ್ ಸಾಕು. ಬಂಪರಿನ ಮೂಲೆಯಲ್ಲಿ ಆಳವಾಗಿ ಕೂತ ಆ ಗೀರು ಮಾತ್ರ ಯಾವ ಪರೀಕ್ಷೆಯಲ್ಲೂ ತೇರ್ಗಡೆಯಾಗುವುದಿಲ್ಲ, ಉಜ್ಜಿದರೆ ಹೋಗುವುದಿಲ್ಲ, ಬಿಟ್ಟರೆ ಕೆಡುವುದಿಲ್ಲ. ಅದನ್ನು ಒಮ್ಮೆ ಒರೆಸಿ, ಬಕೆಟ್ಟಿನ ನೀರು ಗಿಡಕ್ಕೆ ಹಾಕಿ, ಬಟ್ಟೆ ಒಣಹಾಕಿ ಒಳಗೆ ಹೋಗಬಹುದು.